ಅಜ್ಜಿಯ ಹಂಡೆ, ಏಳನೇ ಮಹಡಿಯ ಫ್ಲ್ಯಾಟ್

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿಯ ಮನೆ ಮಾರಾಟವಾಯಿತು. ಅಟ್ಟದ ಮೇಲಿದ್ದ ಪಾತ್ರೆಪಗಡ ಮೂರು ಗೋಣಿಚೀಲದಲ್ಲಿ ನನ್ನ ಪಾಲಿಗೆ ಬಂತು. ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಳದಪ್ಪಲೆ, ಹತ್ತು ಹನ್ನೆರಡು ಚೊಂಬು-ತಂಬಿಗೆ, ನಾಲ್ಕು ಕಂಚಿನ ತಟ್ಟೆ, ಕಲ್ಲಿನ ಮರಿಗೆ, ಮೂರು ಉಪ್ಪಿನಕಾಯಿ ಜಾಡಿ, ಸೇರು-ಪಾವು, ಕಡಗೋಲು, ಶಾವಿಗೆ ಒರಳು, ಅಂಚು ಸಿಡಿದ ಎನಾಮಲ್ ತಟ್ಟೆಗಳು, ಕಬ್ಬಿಣದ ಕಾವಲಿ, ಇವುಗಳ ಜೊತೆಗೆ ಒಂದು ಒರಳುಕಲ್ಲು. ನಮ್ಮದು ಬೆಂಗಳೂರಿನಲ್ಲಿ ಏಳನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟ್. ಎಲ್ಲ ಪಾಲಿಶ್ ಮಾಡಿಸು ಅಂತಾರೆ ಅತ್ತೆ. ಮನೆ ಮ್ಯೂಸಿಯಂ ಆಗುತ್ತೆ ಅಂತಾರೆ ನಮ್ಮ ಯಜಮಾನರು. ಹಂಡೆಗೆ ತೂತು ಕೊರೆದು ಲ್ಯಾಂಪ್ ಮಾಡೋಣ, ಉಳಿದದ್ದಕ್ಕೆ ಲ್ಯಾಕರ್ (ಹೊಳಪಿನ ಪಾರದರ್ಶಕ ಲೇಪ) ಹೊಡೆಸೋಣ ಅಂತಾರೆ ಇಂಟೀರಿಯರ್ ಡಿಸೈನರ್. ನ್ಯೂಜೆರ್ಸಿಯಲ್ಲಿರುವ ಅಕ್ಕ ಹಂಡೆ ತನಗೆ ಬೇಕು ಅಂತಾಳೆ. ಏನು ಮಾಡಲಿ? ಇವುಗಳಲ್ಲಿ ಅಡುಗೆ ಮಾಡಬಹುದಾ?

ಉತ್ತರ: ಮೊದಲು ಡಿಸೈನರ್‌ಗೆ ಫೋನ್ ಮಾಡಿ, ಡ್ರಿಲ್ಲಿಂಗ್ ಮಷಿನ್ ತರಬೇಡಿ ಅಂತ ಹೇಳಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಹಂಡೆಗೆ ಒಮ್ಮೆ ತೂತು ಬಿದ್ದರೆ ಅದು ಮತ್ತೆ ಹಂಡೆ ಆಗುವುದಿಲ್ಲ. ಬೆಳಕೇ ಬೇಕಿದ್ದರೆ ಒಳಗೊಂದು ಸಣ್ಣ ಬಲ್ಬ್ ಇಟ್ಟು ವೈರನ್ನು ಬಾಯಿಯ ಅಂಚಿನ ಮೇಲಿಂದ ಹಿಂದಕ್ಕೆ ಇಳಿಬಿಡಿ. ತಾಮ್ರದ ಒಳಮೈಗೆ ಬೆಳಕು ಬಡಿದು ಮೇಲಕ್ಕೆ ಬರುವುದೇ ಚಂದ. ಬೇಜಾರಾದ ದಿನ ಬಲ್ಬ್ ತೆಗೆದರೆ ಹಂಡೆ ಹಂಡೆಯಾಗೇ ಇರುತ್ತದೆ. ಹಳೆಯ ಪಾತ್ರೆಗೆ ನಾಳೆ ಬಿಡಿಸಲಾಗದ ಏನನ್ನೂ ಇವತ್ತು ಮಾಡುವುದಿಲ್ಲ ಅನ್ನುವುದು ನನ್ನ ಕಟ್ಟುನಿಟ್ಟು. ಲ್ಯಾಕರ್‌ಗೂ ಇದೇ ಮಾತು. ಹೊಡೆದ ಹೊಸದರಲ್ಲಿ ಥಳಥಳ ಅನ್ನುತ್ತದೆ. ಒಂದೆರಡು ವರ್ಷ ಕಳೆದು ಎಲ್ಲೋ ಒಂದು ಕಡೆ ಸಿಪ್ಪೆ ಎದ್ದಿತು ಅಂದರೆ ಅಲ್ಲಿ ಮಾತ್ರ ಕಪ್ಪಾಗುತ್ತದೆ, ಸುತ್ತ ಹಳದಿ ಉಳಿಯುತ್ತದೆ, ಚಿಬ್ಬು ಹಿಡಿದ ಚರ್ಮದ ಥರ. ಆಮೇಲೆ ಅದನ್ನು ಪೂರ್ತಿ ತೆಗೆಸುವವರೆಗೆ ಮೈಯನ್ನು ಸಮವಾಗಿ ಉಜ್ಜಲೂ ಆಗುವುದಿಲ್ಲ, ಒಲೆ ಮೇಲೆ ಇಡಲೂ ಆಗುವುದಿಲ್ಲ.

ಇನ್ನು ಪಾಲಿಶ್. ನಿಮ್ಮ ಅತ್ತೆ ಹೇಳುವುದರಲ್ಲಿ ತಪ್ಪಿಲ್ಲ, ಅವರ ಕಾಲದಲ್ಲಿ ಹಿತ್ತಾಳೆ ಕಪ್ಪಗಿದ್ದರೆ ಆ ಮನೆ ಹೆಂಗಸರ ಬಗ್ಗೆ ಊರೆಲ್ಲ ಮಾತಾಡುತ್ತಿತ್ತು. ಆದರೆ ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕುವುದೇ ಬೇರೆ, ಅಂಗಡಿಗೆ ಕೊಟ್ಟು ಮಷಿನ್ನಿನಲ್ಲಿ ಬಫಿಂಗ್ ಮಾಡಿಸುವುದೇ ಬೇರೆ. ಬಫಿಂಗ್ ಚಕ್ರ ಕೊಳೆಯನ್ನಷ್ಟೇ ತೆಗೆಯುವುದಿಲ್ಲ, ಲೋಹವನ್ನೂ ತೆಗೆಯುತ್ತದೆ. ನನಗಿದು ಗೊತ್ತಾದದ್ದು ಕೈ ಸುಟ್ಟುಕೊಂಡ ಮೇಲೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ತಾತನ ಊಟದ ಗಂಗಾಳವನ್ನು ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟೆ. ಕನ್ನಡಿಯಂತೆ ಹೊಳೆಯುತ್ತಾ ವಾಪಸ್ ಬಂತು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ್ದ ಅವರ ಹೆಸರು ಮಾತ್ರ ಇರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ಅಕ್ಷರದ ನೆರಳು ಕಾಣುತ್ತದೆ, ಅಷ್ಟೇ. ಆ ಅಂಗಡಿಯವರನ್ನು ಬೈದು ಏನು ಪ್ರಯೋಜನ, ಹೇಳದೆ ಕೊಟ್ಟವನು ನಾನು.

ಅದಕ್ಕೇ ಚೀಲ ಬಿಚ್ಚಿದ ತಕ್ಷಣ ನೀರಿಗೆ ಹಾಕಬೇಡಿ. ಒಂದೊಂದನ್ನೇ ಕಿಟಕಿ ಹತ್ತಿರ ಹಿಡಿದು ಕುತ್ತಿಗೆ, ಅಂಚು, ತಳ ನೋಡಿ. ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಕೊಟ್ಟ ಪಾತ್ರೆಗೆ ಹೆಸರು ಕೊರೆಸುವ ರೂಢಿ ಇತ್ತು, ಎಷ್ಟೋ ಸಲ ತಾರೀಖೂ ಇರುತ್ತದೆ. ಸಿಕ್ಕರೆ ಫೋಟೊ ತೆಗೆದು, ಮನೆಯಲ್ಲಿ ಇರುವ ಹಿರಿಯರಿಗೆ ಕಳಿಸಿ ಇದು ಯಾರು ಅಂತ ಕೇಳಿ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಆ ಪಾತ್ರೆಯೊಳಗೇ ಹಾಕಿಡಿ. ಇನ್ನು ಹತ್ತು ವರ್ಷ ಬಿಟ್ಟರೆ ಹೇಳುವವರು ಇರುವುದಿಲ್ಲ.

ಸೇರು-ಪಾವುಗಳಲ್ಲಿ ಸರ್ಕಾರದ ಮುದ್ರೆ ಇದೆಯಾ ನೋಡಿ. ಅಂಗಡಿಯಲ್ಲಿ ಬಳಸುತ್ತಿದ್ದ ಅಳತೆಗಳಿಗೆ ಮುದ್ರೆ ಒತ್ತುತ್ತಿದ್ದರು. ನಮ್ಮ ದೇಶಕ್ಕೆ ಮೆಟ್ರಿಕ್ ತೂಕ ಬರಲು ಶುರುವಾದದ್ದು 1958ರ ಅಕ್ಟೋಬರ್‌ನಲ್ಲಿ, ಅಲ್ಲಿಂದ ಮೂರು ನಾಲ್ಕು ವರ್ಷದೊಳಗೆ ಸೇರು, ಅಚ್ಚೇರು, ಪಾವು, ಚಟಾಕು ಎಲ್ಲ ಅಂಗಡಿಯ ಲೆಕ್ಕದಿಂದ ಹೋದವು. ಹಾಗಾಗಿ ಮುದ್ರೆ ಇರುವ ಸೇರು ಸುಮಾರಾಗಿ ಅದಕ್ಕಿಂತ ಹಿಂದಿನದು. ಮನೆಗಳಲ್ಲಿ ಮಾತ್ರ ಅಕ್ಕಿ ಅಳೆಯೋಕೆ ಪಾವು ಇವತ್ತಿಗೂ ಇದೆ, ನಮ್ಮನೆಯಲ್ಲೂ ಇದೆ.

ಈಗ ಅಲಂಕಾರದ ವಿಷಯ. ಮೂರು ಚೀಲದ ಸಾಮಾನನ್ನೂ ಹಾಲ್‌ನಲ್ಲಿ ಜೋಡಿಸಿದರೆ ನಿಮ್ಮ ಯಜಮಾನರು ಹೇಳಿದ್ದೇ ನಿಜವಾಗುತ್ತದೆ. ಆದರೆ ಮ್ಯೂಸಿಯಂ ಥರ ಕಾಣೋದು ಸಾಮಾನು ಜಾಸ್ತಿ ಅಂತ ಅಲ್ಲ, ಕೆಲಸಕ್ಕೂ ಜಾಗಕ್ಕೂ ಸಂಬಂಧ ಇಲ್ಲ ಅಂತ. ಕಡಗೋಲು ಟಿವಿ ಪಕ್ಕ, ಕಾವಲಿ ಬಾಗಿಲ ಮೇಲೆ, ಸೇರಿನೊಳಗೆ ಪ್ಲಾಸ್ಟಿಕ್ ಹೂವು. ನೋಡಿದವರಿಗೆ ಇದು ಯಾವುದೋ ಹೋಟೆಲಿನ ರಿಸೆಪ್ಶನ್ ಅನ್ನಿಸುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಹೆರಿಟೇಜ್ ವಿಲೇಜ್ ಇದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಇವೆರಡರಲ್ಲಿ ಒಂದಕ್ಕಾದರೂ ಒಂದು ದಿನ ಹೋಗಿ ಬನ್ನಿ. ಬೆಂಗಳೂರಿನಿಂದ ಜಾನಪದ ಲೋಕಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರಬಹುದು. ನಿಮ್ಮ ಚೀಲದಲ್ಲಿರುವ ಎಷ್ಟೋ ಸಾಮಾನಿನ ಜೊತೆಗಾರರು ಅಲ್ಲಿ ಸಿಗುತ್ತಾರೆ. ಯಾವುದು ಯಾವುದರ ಪಕ್ಕ ಇರುತ್ತಿತ್ತು ಅಂತ ನೋಡಿಕೊಳ್ಳಿ.

ನಿಜ ಹೇಳಬೇಕೆಂದರೆ ನಿಮಗೆ ಡಿಸೈನರ್ ಬೇಕಿಲ್ಲ, ಅಜ್ಜಿ ಅಡುಗೆಮನೆಯಲ್ಲೇ ಎಲ್ಲ ಉಪಾಯ ಇತ್ತು. ನೆನಪು ಮಾಡಿಕೊಳ್ಳಿ. ಗೋಡೆಯ ಮೇಲುಭಾಗದಲ್ಲಿ ಉದ್ದಕ್ಕೆ ನಾಗಂದಿಗೆ, ಅದರ ಮೇಲೆ ದಿನಾ ಬೇಡದ ದೊಡ್ಡ ಪಾತ್ರೆಗಳು ಸಾಲಾಗಿ. ಗೋಡೆಯೊಳಗೆ ಗೂಡು, ಅದರಲ್ಲಿ ದೀಪ, ಉಪ್ಪಿನ ಮರಿಗೆ. ಕಂಬಕ್ಕೆ ಗೂಟ, ಗೂಟಕ್ಕೆ ಸೌಟು, ಜರಡಿ. ಬೆಕ್ಕಿಗೆ ಸಿಗದಂತೆ ಮೇಲಿನಿಂದ ನೇತಾಡುವ ನೆಲುವು, ಅದರಲ್ಲಿ ಹಾಲು ಮೊಸರಿನ ಗಡಿಗೆ. ದುಂಡು ತಳದ ಪಾತ್ರೆ ಉರುಳದಂತೆ ಕೆಳಗೆ ಸಿಂಬಿ. ಇವತ್ತು ಫ್ಲೋಟಿಂಗ್ ಶೆಲ್ಫ್, ಹ್ಯಾಂಗಿಂಗ್ ಪ್ಲಾಂಟರ್ ಅಂತ ಮಾರುವುದೆಲ್ಲ ಇದೇ ಅಲ್ವಾ!

ನಿಮ್ಮ ಫ್ಲ್ಯಾಟ್‌ನಲ್ಲಿ ಊಟದ ಮೇಜಿನ ಹಿಂದಿನ ಗೋಡೆಗೆ, ಬಾಗಿಲ ಚೌಕಟ್ಟಿನ ಎತ್ತರದಲ್ಲಿ, ಒಂದೇ ಒಂದು ಉದ್ದ ಹಲಗೆ ಹಾಕಿಸಿ. ಅದೇ ನಿಮ್ಮ ನಾಗಂದಿಗೆ. ಹಳೇ ಬಾಗಿಲಿನ ಹಲಗೆಯೋ ಹಲಸಿನ ಮರವೋ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೇಲೆ ಎರಡು ಕೊಳದಪ್ಪಲೆ, ನಡುವೆ ಜಾಗ ಬಿಟ್ಟು ಆರೇಳು ಚೊಂಬು, ಸಾಕು. ಹನ್ನೆರಡೂ ಬೇಡ. ಉಳಿದದ್ದನ್ನು ಒಳಗಿಟ್ಟು ದಸರೆಗೋ ದೀಪಾವಳಿಗೋ ಅದಲುಬದಲು ಮಾಡಿ. ಗಾತ್ರದ ಪ್ರಕಾರ ಶಾಲೆಯ ಮಕ್ಕಳ ಹಾಗೆ ಸಾಲು ನಿಲ್ಲಿಸಬೇಡಿ. ದೊಡ್ಡದರ ಪಕ್ಕ ಚಿಕ್ಕದು, ಒಂದು ಮಗುಚಿದ್ದು, ಒಂದು ಸ್ವಲ್ಪ ಮುಂದೆ. ತಾಮ್ರ ಹಿತ್ತಾಳೆ ಬೆರೆತರೆ ಚಂದ. ಸ್ಟೀಲನ್ನು ಮಾತ್ರ ಆ ಸಾಲಿಗೆ ಸೇರಿಸಬೇಡಿ, ಕಣ್ಣು ನೇರ ಅದಕ್ಕೇ ಹೋಗುತ್ತದೆ.

ಹಲಗೆ ಹೊಡೆಸುವಾಗ ಗೋಡೆ ಯಾವುದು ಅಂತ ಕೇಳಿಕೊಳ್ಳಿ. ಈಗಿನ ಅಪಾರ್ಟ್‌ಮೆಂಟ್‌ಗಳಲ್ಲಿ ಒಳಗೋಡೆ ಹೆಚ್ಚಾಗಿ ಹಗುರದ ಬ್ಲಾಕ್, ಇಟ್ಟಿಗೆ ಅಲ್ಲ. ಮಾಮೂಲಿ ಪ್ಲಾಸ್ಟಿಕ್ ಪ್ಲಗ್ಗು ಅದರಲ್ಲಿ ಹಿಡಿಯುವುದಿಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ನಮ್ಮ ಮನೆಯಲ್ಲಿ ಬಾಂಬ್ ಬಿದ್ದಂತೆ ಸದ್ದಾಯಿತು. ಎದ್ದು ನೋಡಿದರೆ ಹಲಗೆ ಸಮೇತ ಕೊಪ್ಪರಿಗೆ ನೆಲದ ಮೇಲೆ. ಟೈಲು ಎರಡು ಹೋಳು, ಕೊಪ್ಪರಿಗೆಗೆ ಒಂದು ನೆಗ್ಗು, ಕೆಳಗಿನ ಮನೆಯವರು ಬಾಗಿಲಲ್ಲಿ. ಹಗುರದ ಬ್ಲಾಕಿಗೆ ಅಂತಲೇ ಬರುವ ಆಂಕರ್ ಹಾಕಿಸಿ. ಇಲ್ಲವೇ ಹಲಗೆಯ ಭಾರ ಕಾಂಕ್ರೀಟ್ ಕಂಬದ ಮೇಲೆ ಬೀಳುವ ಹಾಗೆ ಜಾಗ ಆರಿಸಿ. ಪಾತ್ರೆಗಳನ್ನು ಮೊದಲು ತೂಗಿ. ಖಾಲಿ ಕೊಳದಪ್ಪಲೆ ಕೈಗೆ ಅನಿಸುವುದಕ್ಕಿಂತ ಜಾಸ್ತಿ ತೂಗುತ್ತದೆ.

ಬಣ್ಣ ಮತ್ತು ಬೆಳಕು. ಅಜ್ಜಿಯ ಅಡುಗೆಮನೆ ಹೊಗೆ ಹಿಡಿದು ಕತ್ತಲೆಯಾಗಿತ್ತು, ಹಿತ್ತಾಳೆ ಅಲ್ಲಿ ಅಷ್ಟು ಹೊಳೆಯುತ್ತಿದ್ದುದು ಅದಕ್ಕೇ. ನಿಮ್ಮ ಮನೆಯ ಬಿಳಿ ಗೋಡೆ, ಬಿಳಿ ಎಲ್‌ಇಡಿ ಟ್ಯೂಬ್ ಕೆಳಗೆ ಅದೇ ಚೊಂಬು ಪೇಲವವಾಗಿ, ಸ್ವಲ್ಪ ಹಸಿರು ತಿರುಗಿದಂತೆ ಕಾಣುತ್ತದೆ. ಹಲಗೆಯ ಹಿಂದಿನ ಆ ಒಂದು ಗೋಡೆಗೆ ಗಾಢ ಹಸಿರೋ, ಕೆಮ್ಮಣ್ಣಿನ ಬಣ್ಣವೋ ಹೊಡೆಸಿ. ಬಲ್ಬ್ ವಾರ್ಮ್ ಇರಲಿ, ಡಬ್ಬಿಯ ಮೇಲೆ 2700 ಅಥವಾ 3000 ಕೆ ಅಂತ ಬರೆದಿರುತ್ತದೆ. ಈ ಎರಡು ಕೆಲಸ ಪಾಲಿಶ್‌ಗಿಂತ ಜಾಸ್ತಿ ಫಲ ಕೊಡುತ್ತವೆ. ಇನ್ನೊಂದು, ಸ್ಟವ್ ಮೇಲಿನ ಗೋಡೆಯಲ್ಲಿ ಮಾತ್ರ ಏನೂ ಬೇಡ. ಒಗ್ಗರಣೆಯ ಎಣ್ಣೆ ಜಿಡ್ಡು ಮೇಲೆ ಧೂಳು ಕೂತು ಆರು ತಿಂಗಳಲ್ಲಿ ಅಂಟಂಟು.

ಕಂಚಿನ ತಟ್ಟೆಗಳನ್ನು ಗೋಡೆಗೆ ನೇತು ಹಾಕಬೇಡಿ, ಊಟಕ್ಕೆ ಇಡಿ. ನಾಲ್ಕೇ ಇರುವುದು, ನಾಲ್ಕು ಜನ ಕೂತು ಊಟ ಮಾಡಿ. ಕಂಚು ಅಂದರೆ ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು. ಬೆರಳಲ್ಲಿ ತಟ್ಟಿ ನೋಡಿ, ಕಂಚು ಗಂಟೆಯ ಹಾಗೆ ಉದ್ದಕ್ಕೆ ಮೊಳಗುತ್ತದೆ. ಹಿತ್ತಾಳೆ ಟಣ್ ಅಂದು ಸುಮ್ಮನಾಗುತ್ತದೆ. ಕಂಠ ಅಂದರೆ ಕಂಚಿನ ಕಂಠ ಅಂತ ಗಾಯಕರನ್ನು ಸುಮ್ನೆ ಹೊಗಳಿದ್ದಲ್ಲ! ಕಂಚಿಗೆ ಹುಳಿ ಅಷ್ಟು ಬೇಗ ಹತ್ತುವುದಿಲ್ಲ, ಸಾರು ಅನ್ನ ಬಡಿಸಬಹುದು. ಆದರೆ ಗಡಸು, ಕೈಜಾರಿ ಬಿದ್ದರೆ ನೆಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ತಟ್ಟೆ ತಟ್ಟಿದರೆ ಒಡಕು ದನಿ. ಅಂಥದ್ದು ಸಿಕ್ಕರೆ ಅದು ಗೋಡೆಗೆ.

ಹಿತ್ತಾಳೆಯಲ್ಲಿ ಅಡುಗೆ ಮಾಡಬಹುದಾ ಅಂದರೆ, ಕಲಾಯಿ, ಅಂದರೆ ಒಳಗೆ ತವರದ ಲೇಪ, ಇದ್ದರೆ ಮಾಡಬಹುದು. ಕೊಳದಪ್ಪಲೆಯ ಒಳಗೆ ಬೆಳ್ಳಗೆ ಬೆಳ್ಳಿಯ ಥರ ಇದ್ದರೆ ಕಲಾಯಿ ಇದೆ, ಹಳದಿ ಕಾಣುತ್ತಿದ್ದರೆ ಹೋಗಿದೆ. ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ, ಮಜ್ಜಿಗೆ, ಟೊಮೆಟೊ ಬಿದ್ದರೆ ಲೋಹ ಅಡುಗೆಗೆ ಇಳಿಯುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಹಸಿರು ಕಿಲುಬು ಹಿಡಿದ ಪಾತ್ರೆಯಲ್ಲಂತೂ ನೀರೂ ಕುಡಿಯಬೇಡಿ. ಪೇಟೆಯಲ್ಲಿ ಪಾತ್ರೆ ಅಂಗಡಿಗಳ ಸಾಲಿನಲ್ಲಿ ಕೇಳಿದರೆ ಕಲಾಯಿ ಹಾಕುವವರ ವಿಳಾಸ ಸಿಗುತ್ತದೆ, ಬೀದಿಯಲ್ಲಿ ಕೂಗಿಕೊಂಡು ಬರುವವರು ಈಗ ಅಪರೂಪ. ಸಾಧ್ಯವಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಎದುರಿಗೇ ಮಾಡಿಸಿ, ಅದು ಒಂದು ಜಾದೂ. ಇದ್ದಿಲ ಕೆಂಡದ ಮೇಲೆ ಪಾತ್ರೆ ಕಾಯಿಸಿ, ಒಳಗೆ ನವಸಾಗರ ಉಜ್ಜಿ, ಬುಸ್ ಅಂತ ಬಿಳಿ ಹೊಗೆ ಎದ್ದಾಗ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಹಳದಿ ಪಾತ್ರೆ ಕಣ್ಣೆದುರೇ ಬೆಳ್ಳಗಾಗುತ್ತದೆ. ಹಾಕುವುದು ಶುದ್ಧ ತವರವೇ, ಸೀಸ ಬೆರೆತದ್ದಲ್ಲ ತಾನೇ ಅಂತ ಕೇಳಿ, ಕೇಳಲು ನಾಚಿಕೆ ಬೇಡ. ತವರ ಕರಗುವುದು 232 ಡಿಗ್ರಿಗೆ. ಹಾಗಾಗಿ ಖಾಲಿ ಪಾತ್ರೆಯನ್ನು ಉರಿಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತರೆ ಕಲಾಯಿ ಹೋಯಿತು ಅಂತಲೇ. ಮರದ ಸೌಟು ಬಳಸಿ, ಸ್ಟೀಲ್ ನಾರು ತಾಕಿಸಬೇಡಿ. ಅದರಲ್ಲಿ ಒಮ್ಮೆ ಹುಗ್ಗಿ ಮಾಡಿ ನೋಡಿ, ದಪ್ಪ ಲೋಹ ಶಾಖವನ್ನು ಸಮವಾಗಿ ಹರಡುತ್ತದೆ, ತಳ ಹತ್ತುವುದು ಕಡಿಮೆ. ನಿಮ್ಮಲ್ಲಿ ಇಂಡಕ್ಷನ್ ಸ್ಟವ್ ಇದ್ದರೆ ಮಾತ್ರ ಇದೆಲ್ಲ ಮರೆತುಬಿಡಿ. ಹಿತ್ತಾಳೆ, ತಾಮ್ರ, ಕಲ್ಲು ಯಾವುದೂ ಅದರ ಮೇಲೆ ಕಾಯುವುದಿಲ್ಲ. ಕಬ್ಬಿಣದ ಕಾವಲಿ ಕಾಯುತ್ತದೆ, ತಳ ಚಪ್ಪಟೆ ಇದ್ದರೆ.

ಕಲ್ಲಿನ ಮರಿಗೆ ನಿಮ್ಮ ಚೀಲದಲ್ಲಿರುವ ಅತ್ಯಂತ ಒಳ್ಳೆಯ ಸಾಮಾನು ಅಂತ ನನ್ನ ಅಭಿಪ್ರಾಯ. ಹಂಡೆಗಿಂತಲೂ. ಬಳಪದ ಕಲ್ಲು ಮೆತ್ತಗಿನದು, ಕೆತ್ತಿದ ಗುರುತು ಹೊರಮೈಯಲ್ಲಿ ಕೈಗೆ ಸಿಗುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಗೆ ನುಣ್ಣಗೆ ಆಗಿರುತ್ತದೆ. ಆ ಕಪ್ಪನ್ನು ಕೊಳೆ ಅಂತ ಸೋಪಿನ ಪುಡಿ ಹಾಕಿ ಉಜ್ಜಿ ತೆಗೆದುಬಿಟ್ಟೀರಿ! ಬಿಸಿನೀರು, ಕಡಲೆಹಿಟ್ಟು, ತೆಂಗಿನ ನಾರು, ಅಷ್ಟೇ ಸಾಕು. ಮೊಸರು, ಉಪ್ಪಿನಕಾಯಿ, ತಂಬುಳಿ ಯಾವ ಹುಳಿ ಹಾಕಿದರೂ ಕಲ್ಲಿಗೆ ಏನೂ ಆಗುವುದಿಲ್ಲ, ಕಲಾಯಿಯ ಗೋಜೂ ಇಲ್ಲ. ಸಾರು ಮಾಡುವುದಾದರೆ ಸಣ್ಣ ಉರಿಯಲ್ಲಿ ನಿಧಾನ ಕಾಯಿಸಿ. ಬಿಸಿ ಮರಿಗೆಗೆ ತಣ್ಣೀರು ಹೊಯ್ದರೆ ಸೀಳುತ್ತದೆ. ಸ್ಟವ್ ಆರಿಸಿದ ಮೇಲೂ ಸಾರು ಸ್ವಲ್ಪ ಹೊತ್ತು ಕುದಿಯುತ್ತಲೇ ಇರುತ್ತದೆ, ಆ ಲೆಕ್ಕ ಇಟ್ಟುಕೊಂಡು ಮುಂಚೆಯೇ ಆರಿಸಿ. ಊಟದ ಮೇಜಿನ ಮಧ್ಯೆ ಅದರಲ್ಲಿ ಮೊಸರನ್ನ ಇಟ್ಟರೆ ಬೇರೆ ಅಲಂಕಾರವೇ ಬೇಡ.

ಜಾಡಿಗಳಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ತಟ್ಟಿ, ನೀರು ತುಂಬಿಸಿ ಒಂದು ರಾತ್ರಿ ಪೇಪರ್ ಮೇಲೆ ಇಟ್ಟು ನೋಡಿ. ಒಸರದಿದ್ದರೆ ಉಪ್ಪಿನಕಾಯಿಯನ್ನೇ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ಒಸರಿದರೆ ಅಡುಗೆಮನೆ ಕಟ್ಟೆಯ ಮೇಲೆ ಸೌಟು, ಲಟ್ಟಣಿಗೆ ಹಾಕಿಡಲು ಆಯಿತು.

ಎನಾಮಲ್ ತಟ್ಟೆಗಳು ನೋಡಲು ಚಂದ, ನೀಲಿ ಅಂಚು, ನಡುವೆ ಹೂವು. ಆದರೆ ಅಂಚು ಸಿಡಿದ ಮೇಲೆ ಊಟಕ್ಕೆ ಬೇಡ. ಚೂರು ಅನ್ನದಲ್ಲಿ ಸೇರಬಹುದು, ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದೂ ಉಂಟು. ಗೋಡೆಗೆ ಹಾಕಬೇಕಾದ ತಟ್ಟೆ ಅಂದರೆ ಇವೇ. ಹಿಂದಿನಿಂದ ಹಿಡಿಯುವ ಸ್ಪ್ರಿಂಗಿನ ಹ್ಯಾಂಗರ್ ಸಿಗುತ್ತದೆ, ತೂತು ಬೇಡ. ನಿಮ್ಮ ಅತ್ತೆಯ ಊರು ಮೈಸೂರು, ಮಂಡ್ಯ ಕಡೆಯಾದರೆ ಅವರ ಹತ್ತಿರ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಹಲಗೆಗಳು ಇರಬಹುದು, ಕೇಳಿ ನೋಡಿ. ಗಿಳಿ, ಆನೆ, ತುಳಸಿಕಟ್ಟೆ ಒಳಕ್ಕೆ ಕೊರೆದಿರುತ್ತದೆ. ಎನಾಮಲ್ ಪಕ್ಕದಲ್ಲಿ ಅವನ್ನೂ ಹಾಕಿದರೆ ಅತ್ತೆಗೂ ಗೋಡೆಯಲ್ಲಿ ಪಾಲು ಸಿಕ್ಕಂತಾಯಿತು. ದಾರದಲ್ಲಿ ಜೋಡಿ ಕಟ್ಟಿಯೇ ನೇತು ಹಾಕಿ, ಒಂದೊಂದೇ ಹಾಕಿದರೆ ಮುಂದೊಂದು ದಿನ ಇನ್ನೊಂದು ಎಲ್ಲಿ ಅಂತ ಹುಡುಕುವಂತಾಗುತ್ತದೆ. ಸಂಕ್ರಾಂತಿಗೆ ಇಳಿಸಿ ಅಚ್ಚು ಹಾಕಬೇಕಲ್ಲ.

ಕಡಗೋಲು, ಶಾವಿಗೆ ಒರಳು ಮರದವು. ಇವನ್ನು ಮನೆಯೊಳಗೆ ತರುವ ಮುಂಚೆ ಒಂದು ವಾರ ಬಾಲ್ಕನಿಯಲ್ಲಿ ಕಪ್ಪು ಬಟ್ಟೆಯ ಮೇಲೆ ಇಡಿ. ಬಟ್ಟೆ ಮೇಲೆ ಹಿಟ್ಟಿನ ಥರ ಪುಡಿ ಉದುರಿದ್ದರೆ ಹುಳ ಇನ್ನೂ ಒಳಗೆ ತಿನ್ನುತ್ತಿದೆ ಅಂತ. ಅದನ್ನು ಹಾಗೇ ಒಳಗೆ ತಂದರೆ ನಿಮ್ಮ ವಾರ್ಡ್‌ರೋಬ್‌ಗೂ ದಾಟಬಹುದು, ಮೊದಲು ಹುಳದ ಔಷಧಿ ಹೊಡೆಸಿ. ಔಷಧಿ ಹೊಡೆದ ಒರಳಿನಲ್ಲಿ ಆಮೇಲೆ ಶಾವಿಗೆ ಒತ್ತುವ ಹಾಗಿಲ್ಲ, ಅದು ನೋಡೋದಕ್ಕಷ್ಟೇ. ಪುಡಿ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಒಂದು ಕೈ ಎಣ್ಣೆ. ವಾರ್ನಿಷ್ ಬೇಡ. ಕಡಗೋಲಿನ ಹಿಡಿ ನುಣ್ಣಗಾಗಿರುವುದು ನಿಮ್ಮ ಅಜ್ಜಿಯ, ಅವರ ಅತ್ತೆಯ ಕೈಯಿಂದ. ವಾರ್ನಿಷ್ ಅದನ್ನು ಮುಚ್ಚಿಬಿಡುತ್ತದೆ.

ಒರಳುಕಲ್ಲಿನ ಭಾರಕ್ಕೆ ಏಳನೇ ಮಹಡಿಯ ನೆಲ ಕುಸಿಯುತ್ತದೆ ಅಂತ ಹೆದರಬೇಡಿ. ಅದು ಹೆಚ್ಚೆಂದರೆ ಒಬ್ಬ ಮನುಷ್ಯನ ಭಾರ. ಲಿಫ್ಟ್‌ನಲ್ಲಿ ತರುವಾಗ ಕೆಳಗೆ ಗೋಣಿಚೀಲ ಹಾಸಿ, ನಿಮ್ಮ ಸೊಂಟ ನೋಡಿಕೊಳ್ಳಿ. ಬಾಲ್ಕನಿಯ ನೆಲದ ಮೇಲೆ ಮೂಲೆಗೆ ಇಡಿ, ಕಟ್ಟೆ ಮೇಲೆ ಅಲ್ಲ. ಗುಂಡನ್ನು ಒಳಗೇ ಇಟ್ಟರೆ ನೋಡಲೂ ಪೂರ್ತಿ ಅನಿಸುತ್ತದೆ, ನೀರು ನಿಲ್ಲುವುದೂ ಕಡಿಮೆ. ಒರಳಲ್ಲಿ ನೀರು ತುಂಬಿ ಹೂವು ತೇಲಿಸುವುದು ಈಗ ಫ್ಯಾಷನ್. ಮಾಡುವುದಾದರೆ ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ. ಡೆಂಗ್ಯೂ ಸೊಳ್ಳೆಗೆ ಇಂಥ ತಿಳಿನೀರೇ ಇಷ್ಟ, ಒಂದು ವಾರ ಬಿಟ್ಟರೆ ಸೊಳ್ಳೆ ಹಾರಿ ಹೋಗಿರುತ್ತದೆ. ಕೂರೋ ಸ್ಟೂಲು ಮಾತ್ರ ಮಾಡಿಕೊಳ್ಳಬೇಡಿ. ನಾನು ಅಂಥ ಮಡಿವಂತನೇನಲ್ಲ, ಆದರೆ ಮದುವೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವ ಕಲ್ಲಿನ ಮೇಲೆ ಕೂತರೆ ಮನೆಗೆ ಬಂದ ಹಿರಿಯರಿಗೆ ಕಸಿವಿಸಿ. ಸುಮ್ನೆ ಯಾಕೆ?

ತೊಳೆಯುವುದರ ಬಗ್ಗೆ ಇನ್ನೊಂದೆರಡು ಮಾತು. ಲೋಹದ ಪಾತ್ರೆಗಳನ್ನು ಮೊದಲು ಅಂಟುವಾಳದ ನೀರಲ್ಲೋ ಸಾಧಾರಣ ಪಾತ್ರೆ ಸೋಪಿನಲ್ಲೋ ತೊಳೆದು, ಒಣಗಿಸಿ, ಎರಡು ದಿನ ಸುಮ್ಮನೆ ನೋಡಿ. ಕಂದು ಬಣ್ಣ ಕೊಳೆಯಲ್ಲ, ವಯಸ್ಸು. ಅದು ಹಾಗೇ ಇರಲಿ ಅನ್ನಿಸಿದರೆ ಬಿಡಿ. ನನ್ನ ಮನೆಯಲ್ಲಿ ಬಳಸುವ ಪಾತ್ರೆಗಳಿಗೆ ಮಾತ್ರ ಹೊಳಪು, ಹಲಗೆ ಮೇಲಿನವು ಕಂದು. ಹೊಳಪು ಬೇಕಿದ್ದರೆ ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ತೆಂಗಿನ ನಾರು. ಹುಣಸೆಯ ಹುಳಿ ಮೇಲಿನ ಕಪ್ಪನ್ನಷ್ಟೇ ಕರಗಿಸುತ್ತದೆ. ಹಚ್ಚಿ ಐದು ನಿಮಿಷಕ್ಕೆ ತೊಳೆದುಬಿಡಿ. ರಾತ್ರಿಯೆಲ್ಲ ನೆನೆಸಿದರೆ ಹಿತ್ತಾಳೆಯಿಂದ ಸತು ಬಿಟ್ಟುಹೋಗಿ ತಾಮ್ರದ ಕೆಂಪು ಮಚ್ಚೆ ಉಳಿಯುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಉಪ್ಪು ಮೂಲೆಯಲ್ಲಿ ಉಳಿದರೆ ಅಲ್ಲೇ ಹಸಿರು ಹುಟ್ಟುತ್ತದೆ. ತೊಳೆದ ತಕ್ಷಣ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಒರೆಸಿ ಬಿಸಿಲಿಗೆ ಇಡಿ. ಇಟ್ಟಿಗೆ ಪುಡಿ ಬೇಡ, ಗೀರು ಬೀಳುತ್ತದೆ. ಕಾವಲಿಗೆ ತುಕ್ಕು ಹಿಡಿದಿದ್ದರೆ ಕಲ್ಲುಪ್ಪು ಹಾಕಿ ಉಜ್ಜಿ, ಕಾಯಿಸಿ, ಎಣ್ಣೆ ಸವರಿ ಅರ್ಧ ಈರುಳ್ಳಿಯಿಂದ ತಿಕ್ಕಿ. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೆ ದೋಸೆ ಏಳುತ್ತದೆ. ಮೊದಲ ದೋಸೆ ಕಿತ್ತು ಬರುವುದು ಮಾಮೂಲು.

ಇಷ್ಟು ಸೇರಿಸಿದ ಮೇಲೆ ಹುಚ್ಚು ಹತ್ತುತ್ತದೆ, ಇನ್ನೂ ಕೊಳ್ಳೋಣ ಅನ್ನಿಸುತ್ತದೆ. ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ ಅಂತ ಹೇಳಿದ್ದಕ್ಕೆ ಅಂಟಿದರೆ ಅದು ಮೇಲೆ ಬಣ್ಣ ಕೂರಿಸಿದ ಕಬ್ಬಿಣ. ಕೃತಕವಾಗಿ ಕಪ್ಪು ಮಾಡಿದ ಹೊಸ ಪಾತ್ರೆ ಎಲ್ಲ ಕಡೆ ಒಂದೇ ಸಮ ಕಪ್ಪಗಿರುತ್ತದೆ. ನಿಜವಾಗಿ ಬಳಸಿದ್ದು ಕೈ ಹಿಡಿಯುವ ಕಡೆ, ತಳ ನೆಲಕ್ಕೆ ತಾಗುವ ಕಡೆ ಸವೆದಿರುತ್ತದೆ. ಒಳಗೆ ಕೈ ಹಾಕಿ ಸುತ್ತಿಗೆಯಿಂದ ತಟ್ಟಿದ ಸಣ್ಣ ಸಣ್ಣ ಗುಳಿ ಹುಡುಕಿ. ಮಾರುವವರು ಇನ್ನೂರು ವರ್ಷ ಹಳೆಯದು ಅಂದರೆ ನಕ್ಕು ಮುಂದಕ್ಕೆ ಹೋಗಿ.

ಅಕ್ಕನ ವಿಷಯ ಕೊನೆಗೆ ಇಟ್ಟುಕೊಂಡೆ, ಅದರಲ್ಲಿ ಕಾನೂನಿದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು, ಹಿಂದಿನ ಕಾಲದ ಕಲೆ-ರೂಢಿ ತೋರಿಸುವ ವಸ್ತು ಪುರಾತನ ವಸ್ತು ಅನ್ನಿಸಿಕೊಳ್ಳುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಸ್ವಂತ ಅಜ್ಜಿಯದೇ ಆಗಿರಲಿ. ನಿಮ್ಮ ಹಂಡೆ ಅಷ್ಟು ಹಳೆಯದಲ್ಲ ಅಂತಿದ್ದರೆ ಭಾರತೀಯ ಪುರಾತತ್ತ್ವ ಇಲಾಖೆಗೆ ತೋರಿಸಿ, ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಕೇಳಿದಾಗ ಆ ಕಾಗದ ಕೆಲಸಕ್ಕೆ ಬರುತ್ತದೆ. ಕೊರೆದ ಹೆಸರು ತಾರೀಖು ಇದ್ದರೆ ಈ ಕೆಲಸವೂ ಸುಲಭ, ನೋಡಿ ಬಫಿಂಗ್ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣ. ಆದರೂ ಎಂಟು ಹತ್ತು ಕಿಲೋ ಹಂಡೆಯನ್ನು ಸೂಟ್‌ಕೇಸಿನಲ್ಲಿ ಹೇಗೆ ಹಿಡಿಸುತ್ತಾರೋ ನನಗೆ ಕುತೂಹಲ. ಸದ್ಯಕ್ಕೆ ಅಕ್ಕನಿಗೆ ತಾರೀಖು ಸಿಕ್ಕ, ನೂರು ವರ್ಷ ದಾಟದ ಎರಡು ತಂಬಿಗೆ ಕೊಟ್ಟು ಕಳಿಸಿ. ಹಂಡೆಯನ್ನು ಬಾಗಿಲ ಪಕ್ಕದ ಮೂಲೆಯಲ್ಲಿ ಕಬ್ಬಿಣದ ಮುಕ್ಕಾಲಿ ಮೇಲೆ ಕೂರಿಸಿ, ತಳದ ಮಸಿ ಕಪ್ಪನ್ನು ತೆಗೆಯದೆ, ಒಳಗೆ ಚಳಿಗಾಲದ ಕಂಬಳಿ ಹಾಕಿಡಿ. ಯಾರಿಗೆ ಸೇರಬೇಕು ಅನ್ನುವ ಜಗಳವನ್ನು ಅವರು ರಜೆಗೆ ಬಂದಾಗ ಅದರ ಪಕ್ಕದಲ್ಲೇ ಕೂತು ಮುಂದುವರಿಸಿ.